ಹಿಂದಿನ ಬಾಗಿಲು: ವಿಲಿಯಂ ಬೂತ್ ಅವರ ಜೀವನದಿಂದ ಒಂದು ಪಾಠ

  

ಈಗ ಯಾಕೋಬನ ಪತ್ರಿಕೆ 2ನೇ ಅಧ್ಯಾಯ ಓದಿದೆವು. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಇನ್ನೊಬ್ಬನ ಮೈಮೇಲೆ ಕೊಳಕು ಬಟ್ಟೆ. ಒಬ್ಬನಿಗೆ ಒಳ್ಳೆ ಜಾಗ, ಇನ್ನೊಬ್ಬನಿಗೆ ಕಾಲ ಹತ್ತಿರ ಜಾಗ. ಹೀಗೆ ಮುಖ ನೋಡಿ ಮಣೆ ಹಾಕೋದನ್ನು ಯಾಕೋಬ ಪಾಪ ಅಂತಲೇ ಕರೆಯುತ್ತಾನೆ.

ಮೊದಲು ನನ್ನ ತಪ್ಪು ಹೇಳ್ತೀನಿ. ಬಹಳ ವರ್ಷಗಳ ಹಿಂದೆ, ನಾನು ಸೇವೆಗೆ ಹೊಸಬ. ಭಾನುವಾರದ ಆರಾಧನೆ ನಡೀತಾ ಇತ್ತು. ಒಬ್ಬ ಮನುಷ್ಯ ಕುಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ರಾತ್ರಿ ಅಂಗಡಿ ಜಗುಲಿ ಮೇಲೆ ಮಲಗುವವನು. ಕೆಲವರು ಮೂಗಿಗೆ ಸೆರಗು ಹಿಡಿದರು. ನಾನೇ ಒಬ್ಬ ಸಹೋದರರಿಗೆ ಕಣ್ಸನ್ನೆ ಮಾಡಿ ಅವನನ್ನು ಹೊರಗೆ ಕೂರಿಸಲು ಹೇಳಿದೆ. ಆರಾಧನೆ ಮುಗಿದ ಮೇಲೆ ಊಟ ಕೊಡೋಣ ಅಂತ ಹೋಗಿ ನೋಡಿದರೆ ಆತ ಇರಲಿಲ್ಲ. ಮತ್ತೆ ಬರಲೇ ಇಲ್ಲ. ಆ ದಿನ ನಾನು ಕೊಟ್ಟ ಪ್ರಸಂಗ ಯಾವುದು ಗೊತ್ತಾ? ತಪ್ಪಿಹೋದ ಮಗನ ಸಾಮ್ಯ.

ಅದಾದ ಮೇಲೆ ವಿಲಿಯಂ ಬೂತ್ ಅವರ ಜೀವನ ಚರಿತ್ರೆ ನನ್ನ ಕೈಗೆ ಬಂತು. ಓದ್ತಾ ಓದ್ತಾ ನನಗೆ ನಾಚಿಕೆಯಾಯಿತು.

ಬೂತ್ ಅವರು ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ. ತಂದೆ ಹಣ ಕಳೆದುಕೊಂಡರು. 13ನೇ ವಯಸ್ಸಿಗೆ ಹುಡುಗನನ್ನು ಗಿರವಿ ಅಂಗಡಿಯಲ್ಲಿ ಕೆಲಸಕ್ಕೆ ಬಿಟ್ಟರು. ಅದೇ ವರ್ಷ ತಂದೆ ತೀರಿಹೋದರು. ಗಿರವಿ ಅಂಗಡಿ ಅಂದರೆ ಏನು ಅಂತ ನಮ್ಮ ತಾಯಂದಿರಿಗೆ ಗೊತ್ತು. ಮನೆಯಲ್ಲಿ ಇನ್ನೇನೂ ದಾರಿ ಇಲ್ಲದಾಗ ಅಲ್ಲಿನ ಮೆಟ್ಟಿಲು ಹತ್ತುತ್ತಾರೆ. ಬಡತನವನ್ನು ಆ ಹುಡುಗ ಪುಸ್ತಕದಲ್ಲಿ ಓದಲಿಲ್ಲ, ಅಂಗಡಿಯ ಕಟ್ಟೆಯ ಈಚೆ ನಿಂತು ದಿನಾ ನೋಡಿದ.

ಹದಿನೈದರ ವಯಸ್ಸಿನಲ್ಲಿ ರಕ್ಷಣೆ ಹೊಂದಿದ ಮೇಲೆ ಅವರು ಬೀದಿಯಲ್ಲಿ ಸುವಾರ್ತೆ ಸಾರಲು ಶುರು ಮಾಡಿದರು. ಒಂದು ಭಾನುವಾರ ಕೊಳಚೆ ಬೀದಿಯ ಹುಡುಗರ ಗುಂಪನ್ನೇ ಕರೆದುಕೊಂಡು ಹೋಗಿ ಚರ್ಚಿನ ಒಳ್ಳೊಳ್ಳೆ ಆಸನಗಳಲ್ಲಿ ಕೂರಿಸಿದರು. ದೊಡ್ಡವರಿಗೆ ಅದು ಹಿಡಿಸಲಿಲ್ಲ. ಇನ್ನು ಮುಂದೆ ಇವರನ್ನು ಹಿಂದಿನ ಬಾಗಿಲಿಂದ ಕರೆತಂದು ಯಾರಿಗೂ ಕಾಣದ ಕಡೆ ಕೂರಿಸಬೇಕು ಅಂತ ತಾಕೀತು ಮಾಡಿದರು. ದೇವಜನರೇ, ಆ ಹಿರಿಯರಲ್ಲಿ ನಾನು ನನ್ನ ಮುಖ ನೋಡಿದೆ.

1865ರಲ್ಲಿ ಬೂತ್ ಅವರು ಲಂಡನ್ನಿನ ಪೂರ್ವಭಾಗಕ್ಕೆ, ವೈಟ್‌ಚಾಪೆಲ್‌ಗೆ ಬಂದರು. ಅದು ನಗರ ಕೈಬಿಟ್ಟ ಜಾಗ. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಕೂಲಿ ಸಿಕ್ಕಿದರೆ ಊಟ, ಇಲ್ಲದಿದ್ದರೆ ಉಪವಾಸ, ಬೀದಿ ಬೀದಿಗೂ ಸಾರಾಯಿ ಅಂಗಡಿ. ಆ ಅಂಗಡಿಗಳ ಮುಂದೆಯೇ ನಿಂತು ಬೂತ್ ಬೋಧಿಸಿದರು. ಹಳೆಯ ಸ್ಮಶಾನದ ಜಾಗದಲ್ಲಿ ಡೇರೆ ಹಾಕಿದರು. ಡೇರೆ ಹೋದ ಮೇಲೆ ಡ್ಯಾನ್ಸ್ ಹಾಲಿನಲ್ಲಿ ಕೂಟ ನಡೆಸಿದರು. ಎಷ್ಟೋ ರಾತ್ರಿ ಹರಿದ ಬಟ್ಟೆಯಲ್ಲಿ, ಕಲ್ಲೇಟು ಬಿದ್ದ ತಲೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ಹೆಂಡತಿ ಕ್ಯಾಥರಿನ್ ಅಮ್ಮನವರು ಅವರನ್ನು ತಡೆಯಲಿಲ್ಲ. ಆಕೆಯೂ ಬೋಧಿಸುವವರೇ!

ಆ ಚಿಕ್ಕ ಮಿಷನ್ 1878ರಲ್ಲಿ ಸಾಲ್ವೇಶನ್ ಆರ್ಮಿ, ಅಂದರೆ ರಕ್ಷಣಾ ಸೈನ್ಯ, ಆಯಿತು. ಕುಡುಕರು ಬಿಟ್ಟುಬಂದರು, ಸೈನಿಕರಾದರು. ಸೈನಿಕರಾದವರು ಮದ್ಯ ಮುಟ್ಟುವ ಹಾಗಿಲ್ಲ. ಸಾರಾಯಿ ವ್ಯಾಪಾರದವರಿಗೆ ಕೋಪ ಬಾರದೇ ಇರುತ್ತಾ? 1882ನೇ ವರ್ಷ ಒಂದರಲ್ಲೇ 600ಕ್ಕೂ ಹೆಚ್ಚು ಜನ ಸೈನಿಕರು ಹೊಡೆತ ತಿಂದರು.

ಈಗ ಗಮನಿಸಿ. 1887ರ ಕೊನೆಯಲ್ಲಿ ಒಂದು ರಾತ್ರಿ, ಬೂತ್ ಅವರು ಊರಿಂದ ತಡವಾಗಿ ವಾಪಸ್ ಬರ್ತಾ ಲಂಡನ್ ಸೇತುವೆ ದಾಟಿದರು. ಚಳಿಯಲ್ಲಿ ಸೇತುವೆಯ ಕಲ್ಲಿನ ಸಂದುಗಳಲ್ಲಿ ಮನುಷ್ಯರು ಮುದುಡಿ ಮಲಗಿದ್ದರು. ಬೆಳಗ್ಗೆ ಮಗ ಬ್ರಾಮ್‌ವೆಲ್‌ನನ್ನು ಕೇಳಿದರು, ಇದು ನಿನಗೆ ಗೊತ್ತಿತ್ತಾ ಅಂತ. ಮಗನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಿರೋದು ಹೇಗೆ ಅಂತ ತಂದೆ ಅವನ ಮೇಲೆ ರೇಗಿದರು, ಏನಾದರೂ ಮಾಡು ಅಂದರು. 1888ರ ಆರಂಭದಲ್ಲೇ ಲೈಮ್‌ಹೌಸ್‌ನಲ್ಲಿ ಅಗ್ಗದ ಊಟ, ರಾತ್ರಿ ತಂಗುವ ಜಾಗ ತೆರೆಯಿತು.

ಇಲ್ಲಿ ಒಂದು ಮಾತು. ಬೂತ್ ಅವರು ಮೊದಲಿಂದ ಹೀಗಿರಲಿಲ್ಲ. 1870ರ ದಶಕದಲ್ಲಿ ಅಗ್ಗದ ಊಟದ ಅಂಗಡಿಗಳನ್ನು ನಡೆಸಿ ಆಗದೆ ಮುಚ್ಚಿದ್ದರು. ಬರೀ ಸುವಾರ್ತೆ ಸಾಕು ಅನ್ನಿಸಿದ ಕಾಲವೂ ಇತ್ತು. ವೈಟ್‌ಚಾಪೆಲ್‌ಗೆ ಬಂದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿದವರ ಕಣ್ಣನ್ನು ಕರ್ತನು ಇನ್ನೊಮ್ಮೆ ತೆರೆಯಬೇಕಾಯಿತು. ಹಾಗಾದರೆ ನಮ್ಮ ಕಣ್ಣು?

1890ರಲ್ಲಿ ಕ್ಯಾಥರಿನ್ ಅಮ್ಮನವರು ಕ್ಯಾನ್ಸರಿನಿಂದ ಕರ್ತನ ಬಳಿಗೆ ಹೋದರು. ಅದೇ ತಿಂಗಳು ಬೂತ್ ಅವರ ದೊಡ್ಡ ಪುಸ್ತಕ ಹೊರಬಂತು. ದೇಶದ ಹತ್ತರಲ್ಲಿ ಒಂದು ಪಾಲು, ಸುಮಾರು 30 ಲಕ್ಷ ಜನ, ಮುಳುಗಿಹೋಗಿದ್ದಾರೆ ಅಂತ ಅವರು ಲೆಕ್ಕ ಹಾಕಿದರು. ಅದರಲ್ಲಿ ಬಾಡಿಗೆ ಗಾಡಿಯ ಕುದುರೆಯ ಉದಾಹರಣೆ ಕೊಟ್ಟರು. ಲಂಡನ್ನಿನ ಬೀದಿಯಲ್ಲಿ ಕುದುರೆ ಎಡವಿ ಬಿದ್ದರೆ, ತಪ್ಪು ಯಾರದು ಅಂತ ಮೊದಲು ವಿಚಾರಣೆ ಮಾಡಲ್ಲ, ಎತ್ತಿ ನಿಲ್ಲಿಸುತ್ತಾರೆ. ಬದುಕಿರುವ ತನಕ ಅದಕ್ಕೆ ಮೇವು, ಕೊಟ್ಟಿಗೆ, ಕೆಲಸ ಇರುತ್ತೆ. ಮನುಷ್ಯನಿಗೆ ಅಷ್ಟಾದರೂ ಬೇಡವೇ ಅನ್ನೋದು ಅವರ ಪ್ರಶ್ನೆ. ನಾವು ಏನು ಮಾಡ್ತೀವಿ? ಬಿದ್ದವನನ್ನು ನೋಡಿ, ಕುಡಿದು ಬಿದ್ದಿದ್ದಾನೆ, ಅವನ ಕರ್ಮ ಅಂತ ದಾಟಿಕೊಂಡು ಪ್ರಾರ್ಥನಾ ಕೂಟಕ್ಕೆ ಹೋಗ್ತೀವಿ.

ಊಟ, ಹಾಸಿಗೆ ಕೊಟ್ಟು ಅವರು ನಿಲ್ಲಿಸಲಿಲ್ಲ. ದುಡಿಯಲು ಕಾರ್ಯಾಗಾರ, ಎಸೆಕ್ಸ್‌ನ ಹ್ಯಾಡ್ಲಿಯಲ್ಲಿ ಬೇಸಾಯದ ಜಮೀನು ಮಾಡಿದರು. ಆಗ ಬೆಂಕಿಪೆಟ್ಟಿಗೆ ಕಾರ್ಖಾನೆಗಳಲ್ಲಿ ವಿಷದ ರಂಜಕದಿಂದ ಹೆಣ್ಣುಮಕ್ಕಳ ದವಡೆ ಮೂಳೆಯೇ ಕೊಳೆಯುತ್ತಿತ್ತು. 1891ರಲ್ಲಿ ಬೂತ್ ಅವರು ಅಪಾಯವಿಲ್ಲದ ರಂಜಕ ಬಳಸುವ ಕಾರ್ಖಾನೆ ತೆರೆದು, ಕೂಲಿಯನ್ನೂ ಹೆಚ್ಚು ಕೊಟ್ಟರು. ಸುಮಾರು ಹತ್ತು ವರ್ಷಕ್ಕೆ ಅದು ಮುಚ್ಚಿತು. ಆದರೆ 1908ರಲ್ಲಿ ಆ ವಿಷವನ್ನು ನಿಷೇಧಿಸುವ ಕಾನೂನೇ ಬಂತು. ಸ್ತೋತ್ರ!

ಅವರು ಕುಂದಿಲ್ಲದ ಮನುಷ್ಯರಲ್ಲ. ಮಾತೆಂದರೆ ಆಜ್ಞೆ. ಸ್ವಂತ ಮಕ್ಕಳಲ್ಲೇ ಮೂವರು ಸೈನ್ಯ ಬಿಟ್ಟುಹೋದರು. ಮಣ್ಣಿನ ಪಾತ್ರೆಯನ್ನೇ ಕರ್ತನು ಉಪಯೋಗಿಸಿದನು. ಕೊನೆಗೆ ಕಣ್ಣೂ ಹೋಯಿತು. 1912ರ ಆಗಸ್ಟ್ 20ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡಾಗ ಸುಮಾರು ಒಂದೂವರೆ ಲಕ್ಷ ಜನ ಸಾಲಾಗಿ ಬಂದು ದರ್ಶನ ಮಾಡಿದರು. ಒಂದು ಕಾಲಕ್ಕೆ ಹಿಂದಿನ ಬಾಗಿಲಿಗೆ ಕಳಿಸಲ್ಪಟ್ಟಂಥ ಜನ ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು.

ಪ್ರಿಯರೇ, ನಿಮ್ಮಲ್ಲಿ ಕೆಲವರ ಮನೆಯಲ್ಲೇ ಕುಡಿಯುವ ಗಂಡ ಇದ್ದಾನೆ, ಮಗ ಇದ್ದಾನೆ. ಆ ನೋವು ನನಗೆ ಗೊತ್ತು. ಹೊಡೆತ ತಿಂದುಕೊಂಡು ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ಆ ಭಾರವನ್ನು ಒಬ್ಬರೇ ಹೊರಬೇಡಿ, ಸಭೆಗೆ ಹೇಳಿ. ಪ್ರಾರ್ಥನೆಯೂ ಮಾಡೋಣ, ಆಸ್ಪತ್ರೆಗೂ ಕರೆದುಕೊಂಡು ಹೋಗೋಣ. ಎರಡೂ ಬೇಕು. ಉಳಿದವರಿಗೆ ಈ ವಾರ ಒಂದೇ ಕೆಲಸ. ದಿನಾ ದಾಟಿಹೋಗುವ ಆ ಮನುಷ್ಯನ ಹತ್ತಿರ ನಿಲ್ಲಿ, ಹೆಸರು ಕೇಳಿ. ನಾನು ಹೊರಗೆ ಕೂರಿಸಿದ ಆ ಮನುಷ್ಯನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಎದ್ದು ನಿಲ್ಲೋಣ. ತಂದೆಯೇ, ನನ್ನನ್ನು ಕ್ಷಮಿಸು. ಆತ ಎಲ್ಲಿದ್ದರೂ ಯಾರಾದರೂ ಅವನಿಗೆ ಮುಂದಿನ ಬಾಗಿಲು ತೆರೆದಿರಲಿ. ಈ ಸಭೆಯಲ್ಲಿ ಹಿಂದಿನ ಬಾಗಿಲು ಇರದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.