ಖಾಲಿ ಜೇಬಿನ ಮ್ಯಾಟ್ ಟಾಲ್ಬಟ್

ಮ್ಯಾಟ್ ಟಾಲ್ಬಟ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಬಿಲ್ಡಿಂಗಿನಲ್ಲಿದ್ದ ಮಂಗಳೂರು ಕಡೆಯ ಬಾಯಮ್ಮನವರಿಂದ. ಕುಡಿತದಿಂದ ನೊಂದ ಮನೆಗಳವರು ಇವನನ್ನು ನೆನೆದು ಪ್ರಾರ್ಥಿಸುತ್ತಾರೆ ಎಂದಿದ್ದರು. ಯಾರೋ ದೊಡ್ಡ ಪಾದ್ರಿ ಇರಬೇಕೆಂದುಕೊಂಡಿದ್ದೆ. ಓದಿ ನೋಡಿದರೆ ಐರ್ಲೆಂಡಿನ ಡಬ್ಲಿನ್ ನಗರದ ಒಬ್ಬ ಕೂಲಿಯಾಳು!

ಹುಟ್ಟಿದ್ದು 1856ರ ಮೇ 2ರಂದು, ಹನ್ನೆರಡು ಮಕ್ಕಳಲ್ಲಿ ಎರಡನೆಯವನಾಗಿ. ತಂದೆಗೂ ಕುಡಿತ. ಮ್ಯಾಟ್‌ಗೆ ಹನ್ನೆರಡರ ಸುಮಾರಿಗೆ ಸಿಕ್ಕ ಮೊದಲ ಕೆಲಸವೇ ಮದ್ಯದ ವ್ಯಾಪಾರಿಗಳಲ್ಲಿ. ಹದಿಮೂರು ಹದಿನಾಲ್ಕಕ್ಕೆಲ್ಲ ಹುಡುಗ ಕುಡುಕನಾಗಿದ್ದ. ಆಮೇಲಿನ ವರ್ಷಗಳಲ್ಲಿ ವಾರದ ಕೂಲಿಯೆಲ್ಲ ಹೆಂಡದಂಗಡಿಗೆ. ಕಾಸಿಲ್ಲದಾಗ ಕಾಲಿನ ಬೂಟನ್ನೂ ಮಾರಿದ್ದುಂಟು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನ ಪಿಟೀಲನ್ನೇ ಕದ್ದು ಮಾರಿ ಕುಡಿದರು, ಇವನೂ ಗೆಳೆಯರೂ.

1884ರ ಒಂದು ಶನಿವಾರ, ಇಪ್ಪತ್ತೆಂಟರ ಮ್ಯಾಟ್ ಕೈಯಲ್ಲಿ ಬಿಡಿಗಾಸಿಲ್ಲದೆ ಅಂಗಡಿಯ ಹತ್ತಿರ ನಿಂತಿದ್ದ. ಕೂಲಿ ಪಡೆದ ಗೆಳೆಯರು ಬಂದರು, ಮಾತಾಡಿಸಿದರು, ಒಳಗೆ ಹೋದರು. ತನ್ನ ಹಣದಲ್ಲಿ ಎಷ್ಟೋ ಸಲ ಕುಡಿದಿದ್ದ ಅವರಲ್ಲಿ ಒಬ್ಬನೂ ಇವನನ್ನು ಕರೆಯಲಿಲ್ಲ. ನೇರ ಮನೆಗೆ ಹೋಗಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡುತ್ತೇನೆ ಎಂದು ತಾಯಿಗೆ ಹೇಳಿದ. ಎಲಿಜಬೆತ್ ಹಿಗ್ಗಲಿಲ್ಲ, ಉಳಿಸಿಕೊಳ್ಳುವುದಾದರೆ ಮಾತ್ರ ಆಣೆ ಮಾಡು ಎಂದಳು. ಎಷ್ಟು ಸಲ ಸೋತ ತಾಯಿಯೋ! ಆತ ಕ್ಲಾನ್‌ಲಿಫ್‌ನ ಹೋಲಿ ಕ್ರಾಸ್ ಕಾಲೇಜಿಗೆ ಹೋಗಿ ಪಾದ್ರಿಯ ಮುಂದೆ ಮೂರು ತಿಂಗಳ ಮಟ್ಟಿಗೆ ಆಣೆ ಮಾಡಿದ. ಮೂರು ತಿಂಗಳು ಮಾತ್ರ. ಆಮೇಲೆ ಅದನ್ನೇ ಮುಂದುವರಿಸಿದ, ಕೊನೆಗೆ ಬಾಳಿನುದ್ದಕ್ಕೂ.

ಸಂಜೆಗಳೇ ಅವನಿಗೆ ಕಷ್ಟ. ಗೆಳೆಯರು ಸಿಗದಿರಲೆಂದು ನಡೆಯುತ್ತಿದ್ದ, ದಣಿದರೆ ಚರ್ಚಿನಲ್ಲಿ ಕುಳಿತುಬಿಡುತ್ತಿದ್ದ. ಬೆಳಗಿನ ಜಾವದ ಪೂಜೆ ಮುಗಿಸಿಯೇ ಕೆಲಸಕ್ಕೆ. ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟ. ನನಗೆ ಮನಮುಟ್ಟಿದ್ದು ಇದು. ನಮ್ಮ ಸೋದರಮಾವನಿಗೂ ಈ ಚಟವಿತ್ತು. ಅತ್ತೆ ಅಕ್ಕಿ ಡಬ್ಬದಲ್ಲಿ, ದಿಂಬಿನೊಳಗೆ ಹಣ ಅಡಗಿಸಿ ಸೋತರು. ಇಲ್ಲಿ ಕುಡಿಯುವವನೇ ತನ್ನ ಜೇಬನ್ನು ತಾನೇ ಖಾಲಿ ಇಟ್ಟುಕೊಂಡ. (ಬಹಳ ಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೂ ಅಪಾಯವಾಗಬಹುದು. ಇಂದು ಡಾಕ್ಟರರಿದ್ದಾರೆ, ಅವರನ್ನು ಕಾಣಬೇಕು.)

ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸಿದ. ಪಿಟೀಲಿನವನನ್ನು ಊರೆಲ್ಲ ಹುಡುಕಿದ, ಸಿಗಲಿಲ್ಲ. ಆ ಹಣವನ್ನು ಅವನ ಆತ್ಮಕ್ಕಾಗಿ ಪೂಜೆ ಮಾಡಿಸಲು ಚರ್ಚಿಗೆ ಕೊಟ್ಟ. ಹೆಚ್ಚು ಓದಿರದವನು ಸಂತ ಅಗಸ್ಟೀನರ ಪುಸ್ತಕ ಹಿಡಿದ. ಟಿ. ಅಂಡ್ ಸಿ. ಮಾರ್ಟಿನ್ ಅವರ ಮರದ ಮಂಡಿಯಲ್ಲಿ ಹಮಾಲಿಯಾಗಿ ದುಡಿದ ಹಣದಲ್ಲಿ ತನಗಿಷ್ಟು ಇಟ್ಟುಕೊಂಡು ಉಳಿದದ್ದನ್ನು ಇಲ್ಲದವರಿಗೆ ಕೊಟ್ಟ. ತಾಯಿಯನ್ನು 1915ರಲ್ಲಿ ಆಕೆ ತೀರಿಕೊಳ್ಳುವವರೆಗೂ ನೋಡಿಕೊಂಡ. ಮದುವೆಯಾಗಲಿಲ್ಲ.

ಹಲಗೆಯ ಮೇಲೆ ಮಲಗಿ, ಮರದ ತುಂಡನ್ನೇ ದಿಂಬು ಮಾಡಿಕೊಂಡಿದ್ದ. ಇಂಥ ದೇಹದಂಡನೆ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಆದರೆ ನಲವತ್ತೊಂದು ವರ್ಷ ಒಂದು ಹನಿ ಮುಟ್ಟದವನಿಗೆ ಹೀಗಿರಬಾರದಿತ್ತು ಎನ್ನಲು ನಾನ್ಯಾರು?

1925ರ ಜೂನ್ 7, ಭಾನುವಾರ. ಪೂಜೆಗೆ ಹೊರಟವನು ಗ್ರಾನ್‌ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಪ್ರಾಣ ಬಿಟ್ಟ. ಯಾರೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಮೈಗೆ ಸುತ್ತಿದ ಸರಪಳಿಗಳು ಕಂಡವು. ಭಕ್ತಿಯ ಗುರುತಾಗಿ ಗುಟ್ಟಾಗಿ ಧರಿಸಿದ್ದವು ಅವು. ಊರಿಗೆ ಅವನ ಕತೆ ತಿಳಿದದ್ದೇ ಹಾಗೆ. 1975ರಲ್ಲಿ ಪೋಪ್ ಆರನೇ ಪೌಲ್ ಅವನನ್ನು ಪೂಜ್ಯನೆಂದು ಸಾರಿದರು. ಸಂತ ಪದವಿ ಇನ್ನೂ ಬಂದಿಲ್ಲ. ಡಬ್ಲಿನ್ನಿನ ಲಿಫಿ ನದಿಯ ಮೇಲೆ 1978ರಲ್ಲಿ ಕಟ್ಟಿದ ಸೇತುವೆಗೆ ಅವನ ಹೆಸರನ್ನಿಟ್ಟಿದ್ದಾರೆ.