ನಾಳೆಗೆ ಬಿಡದ ಬಾಳು: ಆಚಾರ್ಯ ಶಾಂತಿಸಾಗರರು

ಕರ್ಮಬಂಧಕ್ಕೆ ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ ಮತ್ತು ಯೋಗ ಎಂಬ ಐದು ಕಾರಣಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಇವುಗಳಲ್ಲಿ ನಡುವಿನದಾದ ಪ್ರಮಾದವು ಮೇಲ್ನೋಟಕ್ಕೆ ಅಷ್ಟೇನೂ ಘೋರವಾಗಿ ಕಾಣುವುದಿಲ್ಲ. ಪ್ರಮಾದಕ್ಕೆ ಒಳಗಾದವನು ಧರ್ಮವನ್ನು ಅಲ್ಲಗಳೆಯುವುದಿಲ್ಲ. ಸ್ವಾಧ್ಯಾಯ ಬೇಡವೆನ್ನುವುದಿಲ್ಲ, ದಾನ ಬೇಡವೆನ್ನುವುದಿಲ್ಲ. ನಾಳೆ ಮಾಡೋಣ ಎನ್ನುತ್ತಾನೆ, ಅಷ್ಟೇ. ಆ ನಾಳೆಗಳು ಕೂಡಿ ಒಂದು ಆಯುಷ್ಯವೇ ಕಳೆದುಹೋಗುತ್ತದೆ.

ಕೆಲಸವನ್ನು ಮುಂದೂಡಲು ಸಮಯದ ಅಭಾವವೇ ಕಾರಣವೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪ್ರಮಾದವೆಂದರೆ ಶುಭಕಾರ್ಯಗಳಲ್ಲಿ ಅನಾದರ ಎಂದು ವಿವರಿಸುತ್ತಾರೆ. ಯಾವುದರಲ್ಲಿ ಆದರವಿದೆಯೋ ಅದಕ್ಕೆ ಸಮಯ ದೊರೆಯುತ್ತದೆ. ಆ ಆದರವನ್ನು ಕಸಿಯುವ ಹದಿನೈದು ದ್ವಾರಗಳನ್ನು ಶಾಸ್ತ್ರಗಳು ಎಣಿಸಿವೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಸ್ನೇಹ. ಹರಟೆಯಲ್ಲಿ ಕಳೆದ ಸಂಜೆ, ಕೋಪದಿಂದ ನಿಂತುಹೋದ ಕ್ಷಮಾಯಾಚನೆ, ಲೋಭದಿಂದ ತಡವಾದ ದಾನ, ಮಮತೆಯಿಂದ ಬಿಡಲಾಗದ ಮನೆ ಎಲ್ಲವೂ ಈ ದ್ವಾರಗಳಿಂದಲೇ ಬಂದವು.

ಪ್ರಮಾದವನ್ನು ಗೆಲ್ಲುವ ಬಗೆಯನ್ನು ತಮ್ಮ ಜೀವನದಿಂದಲೇ ತೋರಿಸಿದವರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ, ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಪುತ್ರರಾಗಿ 1872ರಲ್ಲಿ ಅವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಸಾತಗೌಡ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲೇ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಆ ಬಾಲೆ ತೀರಿಕೊಂಡಳು. ಮುಂದೆ ಹಿರಿಯರು ಎಷ್ಟು ಹೇಳಿದರೂ ಸಾತಗೌಡರು ಮರುವಿವಾಹಕ್ಕೆ ಒಪ್ಪಲಿಲ್ಲ.

ಹದಿನೆಂಟರ ಹರೆಯದಲ್ಲೇ ಅವರ ಮನಸ್ಸು ಮುನಿದೀಕ್ಷೆಯತ್ತ ತಿರುಗಿತ್ತು. ಆದರೆ ತಾವು ಬದುಕಿರುವವರೆಗೆ ಮನೆಯಲ್ಲಿದ್ದೇ ಧರ್ಮಸಾಧನೆ ಮಾಡಬೇಕೆಂದು ತಂದೆ ಕೇಳಿಕೊಂಡರು. ಸಾತಗೌಡರು ಆ ಮಾತಿಗೆ ತಲೆಬಾಗಿದರು. ಹೀಗೆ ಎರಡು ದಶಕಗಳಿಗೂ ಹೆಚ್ಚು ಕಾಲ ದೀಕ್ಷೆ ಮುಂದಕ್ಕೆ ಹೋಯಿತು. ಇದೂ ಪ್ರಮಾದವೇ ಆಯಿತಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಆ ವರ್ಷಗಳನ್ನು ಅವರು ಕಳೆದ ರೀತಿಯಲ್ಲೇ ಇದಕ್ಕೆ ಉತ್ತರವಿದೆ.

ಭೋಜ ಗ್ರಾಮವು ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದ ಸಮೀಪದಲ್ಲಿದೆ. ಆದಿಸಾಗರ ಮುನಿಗಳು ಆ ಭಾಗಕ್ಕೆ ಬಂದಾಗ ಬಲಿಷ್ಠ ದೇಹದ ಸಾತಗೌಡರು ಅವರನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುತ್ತಿದ್ದರು. ಮನೆಯ ಬಟ್ಟೆ ಅಂಗಡಿಯಲ್ಲಿ ಕುಳಿತರೂ ವ್ಯಾಪಾರದಲ್ಲಿ ಅವರ ಚಿತ್ತ ನೆಲೆಸುತ್ತಿರಲಿಲ್ಲ. ಬಂದವರೇ ಅಳೆದು, ಕತ್ತರಿಸಿಕೊಂಡು, ಲೆಕ್ಕ ಬರೆದಿಟ್ಟು ಹೋಗುತ್ತಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರು. ಸಮ್ಮೇದ ಶಿಖರ್ಜಿಯ ಯಾತ್ರೆಯಲ್ಲಿ ಏರಲಾರದ ವೃದ್ಧೆಯೊಬ್ಬಳನ್ನು ಹೊತ್ತುಕೊಂಡೇ ವಂದನೆ ಮಾಡಿಸಿದರು. ಆ ಪವಿತ್ರ ಕ್ಷೇತ್ರದಲ್ಲೇ ತುಪ್ಪ ಮತ್ತು ಎಣ್ಣೆಯನ್ನು ತ್ಯಜಿಸಿದರು; ದಿನಕ್ಕೆ ಒಂದೇ ಬಾರಿ ಊಟ ಮಾಡುವ ನಿಯಮ ಹಿಡಿದರು.

ಮುನಿಯಾಗಲು ಅನುಮತಿ ಇರಲಿಲ್ಲ. ಆದರೆ ಏಕಭುಕ್ತಕ್ಕೆ, ಸೇವೆಗೆ, ಸ್ವಾಧ್ಯಾಯಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಇಡೀ ದಾರಿ ತೆರೆಯುವವರೆಗೆ ಕೈಕಟ್ಟಿ ಕೂರದೆ, ಆ ದಿನ ಇಡಬಹುದಾದ ಹೆಜ್ಜೆಯನ್ನು ಆ ದಿನವೇ ಇಟ್ಟರು. ಕಾಯುವವನಿಗೂ ಮುಂದೂಡುವವನಿಗೂ ಇರುವ ವ್ಯತ್ಯಾಸ ಇದೇ. ಕಾಯುವವನ ಸಿದ್ಧತೆ ದಿನೇ ದಿನೇ ಬೆಳೆಯುತ್ತದೆ; ಮುಂದೂಡುವವನ ನೆಪಗಳು ಬೆಳೆಯುತ್ತವೆ.

ತಂದೆತಾಯಿಗಳು ಗತಿಸಿದ ಮೇಲೆ ಆಸ್ತಿ, ಸಂಬಂಧ, ಅಭ್ಯಾಸಗಳ ನೆಪ ಹೇಳಿ ಇನ್ನಷ್ಟು ಕಾಲ ಉಳಿಯಬಹುದಾಗಿತ್ತು. ಅವರು ಉಳಿಯಲಿಲ್ಲ. ನಲವತ್ತು ದಾಟಿದ ವಯಸ್ಸಿನಲ್ಲಿ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಮುಂದೆ ಗಿರನಾರ ಕ್ಷೇತ್ರದಲ್ಲಿ ಐಲಕ ವ್ರತವನ್ನೂ, 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ನಿರ್ಗ್ರಂಥ ಮುನಿದೀಕ್ಷೆಯನ್ನೂ ಸ್ವೀಕರಿಸಿದರು. 1924ರಲ್ಲಿ ಸಮಡೋಳಿಯಲ್ಲಿ ಚತುಸ್ಸಂಘವು ಅವರಿಗೆ ಆಚಾರ್ಯ ಪದವಿ ನೀಡಿತು.

ಅವರು ದೀಕ್ಷೆ ಪಡೆದ ಕಾಲದಲ್ಲಿ ತ್ಯಾಗಿಗಳ ಚರ್ಯೆಯಲ್ಲಿ ಶೈಥಿಲ್ಯ ಬಂದಿತ್ತು. ಮೊದಲೇ ಗೊತ್ತುಪಡಿಸಿದ ಮನೆಗೆ ಹೋಗಿ ಆಹಾರ ಪಡೆಯುವ ಪದ್ಧತಿ ಬಳಕೆಯಲ್ಲಿತ್ತು. ಆಗಮೋಕ್ತ ವಿಧಿಯನ್ನು ಅರಿತ ಕೂಡಲೇ ಕ್ಷುಲ್ಲಕರು ಅಂತಹ ಆಹ್ವಾನವನ್ನು ನಿರಾಕರಿಸಿದರು. ವಿಧಿಪೂರ್ವಕವಾಗಿ ಆಹಾರ ನೀಡಲು ಶ್ರಾವಕರಿಗೇ ತಿಳಿಯದಿದ್ದುದರಿಂದ ಕೆಲವು ದಿನ ಉಪವಾಸವೇ ಗತಿಯಾಯಿತು. ಸಮಾಜ ಬದಲಾಗಲಿ, ಆಮೇಲೆ ಆಚರಿಸೋಣ ಎಂದು ಅವರು ಕಾಯಲಿಲ್ಲ. ಒಬ್ಬರ ದೃಢತೆಯನ್ನು ಕಂಡು ಶ್ರಾವಕರು ವಿಧಿಯನ್ನು ಕಲಿತರು. ಕ್ಷೀಣಿಸಿದ್ದ ದಿಗಂಬರ ಮುನಿಪರಂಪರೆ ಮತ್ತೆ ಚಿಗುರಿತು.

ಶ್ರುತರಕ್ಷಣೆಯಲ್ಲಿಯೂ ಅವರ ಅಪ್ರಮತ್ತತೆ ಎದ್ದು ಕಾಣುತ್ತದೆ. ಷಟ್ಖಂಡಾಗಮದ ಧವಲಾದಿ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡಪತ್ರ ಪ್ರತಿಗಳು ಮೂಡಬಿದಿರೆಯಲ್ಲಿ ಶತಮಾನಗಳಿಂದ ಸುರಕ್ಷಿತವಾಗಿದ್ದರೂ ಮಹಾಬಂಧದ ಕೆಲವು ಭಾಗಗಳು ನಷ್ಟವಾಗಿದ್ದವು. 1940ರ ದಶಕದಲ್ಲಿ ಈ ಸಂಗತಿ ಕಿವಿಗೆ ಬಿದ್ದಾಗ ಅವರಿಗೆ ತೀವ್ರ ವ್ಯಥೆಯಾಯಿತು. ಉಳಿದ ಜಿನವಾಣಿಯಾದರೂ ಹಾಳಾಗದಿರಲೆಂದು ಅದನ್ನು ತಾಮ್ರಪತ್ರಗಳಲ್ಲಿ ಕೊರೆಯಿಸುವ ಕಾರ್ಯಕ್ಕೆ ಪ್ರೇರಣೆ ನೀಡಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಕೊನೆಗೆ ಕಣ್ಣಿನ ದೃಷ್ಟಿ ಮಂದವಾಗತೊಡಗಿತು. ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯೂ, ಆಹಾರವನ್ನು ಪರೀಕ್ಷಿಸುವ ಏಷಣಾಸಮಿತಿಯೂ ಪಾಲನೆಯಾಗದಿದ್ದರೆ ಅಹಿಂಸಾ ಮಹಾವ್ರತವೇ ಭಂಗವಾಗುತ್ತದೆ. ಆದ್ದರಿಂದ 1955ರ ಆಗಸ್ಟ್‌ನಲ್ಲಿ ಸಿದ್ಧಕ್ಷೇತ್ರ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಶಿಷ್ಯರಾದ ವೀರಸಾಗರ ಮುನಿಗಳಿಗೆ ಆಚಾರ್ಯ ಪದವನ್ನು ಒಪ್ಪಿಸಿದರು. ಸೆಪ್ಟೆಂಬರ್ 18ರಂದು ಸಮಾಧಿ ಹೊಂದಿದಾಗ ಮಾಡದೆ ಉಳಿಸಿದ ಕರ್ತವ್ಯ ಯಾವುದೂ ಇರಲಿಲ್ಲ.

ಅವರ ತಪಸ್ಸು ಗೃಹಸ್ಥರಿಗೆ ಎಟುಕದು. ಆದರೆ ಅವರು ಗೃಹಸ್ಥರಾಗಿದ್ದಾಗ ಹಿಡಿದ ದಾರಿ ಎಲ್ಲರಿಗೂ ಎಟುಕುವಂಥದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಜೀವ ತ್ಯಾಗವನ್ನು ಯಮವೆಂದೂ, ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ದೊಡ್ಡ ಸಂಕಲ್ಪಕ್ಕೆ ಹೆದರಿಯೇ ಮನಸ್ಸು ನಾಳೆಯನ್ನು ನೆನೆಯುತ್ತದೆ. ಇಂದು ಒಂದು ಪುಟ ಸ್ವಾಧ್ಯಾಯ, ಒಂದು ಮುಹೂರ್ತ ಮೌನ, ಈ ವಾರ ಒಂದು ರಸದ ತ್ಯಾಗ ಎಂಬ ನಿಯಮಕ್ಕೆ ಅದು ಹೆದರುವುದಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ದಿನದ ಲೆಕ್ಕ ನೋಡಿದರೆ, ಹದಿನೈದರಲ್ಲಿ ಯಾವ ದ್ವಾರದಿಂದ ಪ್ರಮಾದ ಒಳಬಂದಿತೆಂದು ತಿಳಿಯುತ್ತದೆ. ಮರುದಿನ ಆ ದ್ವಾರವನ್ನು ಮುಚ್ಚಬಹುದು.

ಮುನಿಸಿಕೊಂಡ ಸಹೋದರನ ಬಳಿ ಕ್ಷಮೆ ಕೇಳಲು ಪರ್ಯೂಷಣ ಬರಬೇಕಿಲ್ಲ. ತಾಯಿಯ ಸೇವೆಗೆ ನಿವೃತ್ತಿ ಆಗಬೇಕಿಲ್ಲ. ಮನುಷ್ಯಜನ್ಮವೂ ಜಿನಧರ್ಮವೂ ದೊರೆತಿವೆ, ಇಂದಿನ ದಿನವೂ ದೊರೆತಿದೆ. ನಾಳೆಯ ದಿನ ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ.