ಆಯ್ದಕ್ಕಿ ಲಕ್ಕಮ್ಮನವರು: ತಪ್ಪನ್ನು ತಿದ್ದಿದ ತಾಯಿ

ಮಾನವನಾಗಿ ಹುಟ್ಟಿದವನು ತಪ್ಪದೆ ನಡೆಯುವುದು ದುರ್ಲಭ. ಆದುದರಿಂದ ಧರ್ಮದ ನಿಜವಾದ ಪರೀಕ್ಷೆಯು ತಪ್ಪಾದ ಮೇಲೆ ಏನು ಮಾಡುತ್ತೇವೆಂಬುದರಲ್ಲಿದೆ. ಉಪವಾಸ, ತೀರ್ಥಸ್ನಾನ, ದಾನಗಳಿಂದ ದೋಷ ಕಳೆಯಿತೆಂದು ಸಮಾಧಾನಪಡುವವರೇ ಲೋಕದಲ್ಲಿ ಹೆಚ್ಚು. ಹನ್ನೆರಡನೆಯ ಶತಮಾನದ ಒಬ್ಬ ಬಡ ಗೃಹಿಣಿಯು ಇದಕ್ಕಿಂತ ನೇರವಾದ, ಕಠಿಣವಾದ ಒಂದು ದಾರಿಯನ್ನು ತೋರಿದಳು. ಆ ಮಹಾತಾಯಿಯೇ ಆಯ್ದಕ್ಕಿ ಲಕ್ಕಮ್ಮನವರು.

ಲಕ್ಕಮ್ಮನವರೂ ಅವರ ಪತಿ ಮಾರಯ್ಯನವರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆಯು ಹೇಳುತ್ತದೆ. ಬಸವಣ್ಣನವರ ಕೀರ್ತಿಯನ್ನು ಕೇಳಿ ಈ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲಸಿದರು. ಬಸವಣ್ಣನವರ ಮಹಾಮನೆಯಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯವೂ ದಾಸೋಹ ನಡೆಯುತ್ತಿದ್ದಿತೆಂದು ಪ್ರತೀತಿ. ಅಷ್ಟು ದೊಡ್ಡ ದಾಸೋಹವೆಂದ ಮೇಲೆ ಅಂಗಳದಲ್ಲಿ ಅಕ್ಕಿ ಚೆಲ್ಲುವುದು ಸಹಜ. ಹಾಗೆ ಚೆಲ್ಲಿದ ಕಾಳುಗಳನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಅದನ್ನು ಅಟ್ಟು, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಈ ಸತಿಪತಿಗಳ ವ್ರತ. ಆಯ್ದಕ್ಕಿ ಎಂಬ ಹೆಸರು ಅವರಿಗೆ ಬಂದುದು ಹೀಗೆ. ಇಬ್ಬರೂ ವಚನಕಾರರು. ಲಕ್ಕಮ್ಮನವರ ಅಂಕಿತದಲ್ಲಿ ಪತಿಯ ಹೆಸರೂ ಅಮರೇಶ್ವರಲಿಂಗದ ಹೆಸರೂ ಕೂಡಿಕೊಂಡಿವೆ. ಶೂನ್ಯಸಂಪಾದನೆಯು ಈ ದಂಪತಿಗಳ ಚರಿತೆಗೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ.

ಒಮ್ಮೆ ಮಾರಯ್ಯನವರು ಶರಣರ ಅನುಭವಗೋಷ್ಠಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮೀರಿದರು. ಲಕ್ಕಮ್ಮನವರು ಪತಿಗೆ ಕಾಯಕವು ನಿಂತಿರುವುದನ್ನು ನೆನಪಿಸಿದರು. ಗೋಷ್ಠಿಯು ಪುಣ್ಯಕಾರ್ಯವೇ ಸರಿ. ಆದರೆ ಒಂದು ಪುಣ್ಯವು ಇನ್ನೊಂದು ಕರ್ತವ್ಯದ ಲೋಪವನ್ನು ತುಂಬಲಾರದು. ಮಾರಯ್ಯನವರು ಮರುಮಾತಾಡದೆ ಎದ್ದು ಅಂಗಳಕ್ಕೆ ನಡೆದರು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಸೂಕ್ಷ್ಮವಾದುದು. ಒಂದು ದಿನ ಮಾರಯ್ಯನವರು ತಂದ ಅಕ್ಕಿಯು ನಿತ್ಯದ ಅಳತೆಗಿಂತ ಹೆಚ್ಚಾಗಿದ್ದಿತು. ಲಕ್ಕಮ್ಮನವರ ಕಣ್ಣಿಗೆ ಅದು ಕೂಡಲೇ ಬಿದ್ದಿತು. ಹೆಚ್ಚಿನ ಅಕ್ಕಿಯು ನಮಗೆ ಸಲ್ಲತಕ್ಕುದಲ್ಲ, ತಂದ ಅಂಗಳಕ್ಕೇ ಸುರಿದು ಬರಬೇಕೆಂದು ಅವರು ಪತಿಗೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ನಾವು ಕ್ಷಣಕಾಲ ನಿಂತು ವಿಚಾರಿಸಬೇಕು. ಮಾರಯ್ಯನವರು ಕಳವು ಮಾಡಿರಲಿಲ್ಲ. ನೆಲಕ್ಕೆ ಬಿದ್ದ ಕಾಳನ್ನು ಆಯ್ದವರ ಮೇಲೆ ಯಾರೂ ದೂರು ಹೇಳಿರಲಿಲ್ಲ. ಹೆಚ್ಚಾದ ಅಕ್ಕಿಯನ್ನು ಮನೆಯಲ್ಲಿಟ್ಟುಕೊಂಡು ಇನ್ನೂ ಕೆಲವು ಜಂಗಮರಿಗೆ ಉಣಿಸಿದ್ದರೆ ಲೋಕವು ಅವರನ್ನು ಕೊಂಡಾಡುತ್ತಿದ್ದಿತು. ಲಕ್ಕಮ್ಮನವರು ಆ ಸುಲಭದ ದಾರಿಯನ್ನೇ ಮುಚ್ಚಿದರು. ಅಗತ್ಯಕ್ಕೆ ಮೀರಿದುದು ಮತ್ತೊಬ್ಬರ ಪಾಲು. ಮತ್ತೊಬ್ಬರ ಪಾಲಿನಿಂದ ಮಾಡಿದ ದಾಸೋಹವು ದಾಸೋಹವಾಗದು. ತಪ್ಪಾಗಿ ಬಂದುದನ್ನು ದಾನದಿಂದ ತೊಳೆಯಲಾಗದು, ಅದು ಎಲ್ಲಿಂದ ಬಂದಿತೋ ಅಲ್ಲಿಗೇ ಮರಳಬೇಕು. ಅವರ ಚರಿತ್ರೆಯ ಸಾರವೇ ಇದು.

ತಿದ್ದಿದ ಬಗೆಯೂ ಗಮನಿಸತಕ್ಕದ್ದು. ಪತಿಯನ್ನು ನಾಲ್ಕು ಜನರ ಮುಂದೆ ಹಳಿಯಲಿಲ್ಲ, ಕಠಿಣ ವ್ರತವನ್ನು ವಿಧಿಸಲಿಲ್ಲ. ತಪ್ಪು ಎಷ್ಟೋ ಅಷ್ಟನ್ನೇ, ತಡಮಾಡದೆ ಸರಿಪಡಿಸಿದರು. ಮಾರಯ್ಯನವರ ಹಿರಿಮೆಯೂ ಕಡಮೆಯದಲ್ಲ. ಹೊತ್ತು ತಂದುದನ್ನು ಹಿಂದಕ್ಕೆ ಹೊತ್ತೊಯ್ಯುವಾಗ ಅವರಿಗೆ ಅಭಿಮಾನ ಅಡ್ಡಬರಲಿಲ್ಲ. ಅನಂತರ ಉಳಿದ ಹಿಡಿ ಅಕ್ಕಿಯಿಂದಲೇ ಈ ದಂಪತಿಗಳು ಬಸವಣ್ಣನವರನ್ನೂ ಅಸಂಖ್ಯಾತ ಜಂಗಮರನ್ನೂ ತೃಪ್ತಿಪಡಿಸಿದರೆಂದು ಭಕ್ತರು ನಂಬಿಕೊಂಡು ಬಂದಿದ್ದಾರೆ. ಶುದ್ಧವಾದ ಅಲ್ಪವು ಅಶುದ್ಧವಾದ ಅಧಿಕಕ್ಕಿಂತ ದೊಡ್ಡದೆಂಬುದೇ ಆ ಪವಾಡದ ಅರ್ಥ.

ಈ ತತ್ತ್ವವು ಕಲ್ಯಾಣದ ಅಂಗಳಕ್ಕೆ ಮಾತ್ರ ಸೀಮಿತವಾದುದಲ್ಲ. ನಮ್ಮ ಚಾಮರಾಜನಗರ ಸೀಮೆಯ ಪುಣಜನೂರಿನ ಸುತ್ತಲಿನ ಕಾಡುಗಳನ್ನು ನೋಡಿರಿ. ಅಲ್ಲಿಯ ಸೋಲಿಗರಲ್ಲಿ ಕಾಡಿನ ಫಲವನ್ನು ಬರಿದುಮಾಡದೆ ಪ್ರಾಣಿಪಕ್ಷಿಗಳಿಗೆಂದು ಒಂದಷ್ಟನ್ನು ಬಿಡುವ ರೂಢಿಯುಂಟು. ಲಕ್ಕಮ್ಮನವರ ಅಳತೆಯನ್ನು ಅವರು ತಮ್ಮದೇ ಬದುಕಿನಿಂದ ಅರಿತವರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಅರಣ್ಯವು ವನ್ಯಜೀವಿಧಾಮವಾದ ಮೇಲೆ ಅವರ ಪರಂಪರಾಗತ ಬದುಕಿಗೆ ದೊಡ್ಡ ಪೆಟ್ಟು ಬಿದ್ದಿತು. 2006ರ ಅರಣ್ಯಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಇತಿಹಾಸದಲ್ಲಿ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿತು. 2011ರಲ್ಲಿ ಬಿಳಿಗಿರಿಯ ಅನೇಕ ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತವು. ಅದು ದಯೆಯಿಂದಿತ್ತ ಭಿಕ್ಷೆಯಲ್ಲ, ಸಲ್ಲತಕ್ಕವರಿಗೆ ಸಲ್ಲತಕ್ಕುದು ಮರಳಿದ ನ್ಯಾಯ. ರಾಜ್ಯವೂ ಒಮ್ಮೊಮ್ಮೆ ಅಕ್ಕಿಯನ್ನು ಅಂಗಳಕ್ಕೆ ಮರಳಿ ಸುರಿಯಬೇಕಾಗುತ್ತದೆ.

ಇನ್ನು ನಮ್ಮ ಮನೆಗಳ ಮಾತು. ತೂಕದಲ್ಲಿ ಉಳಿಸಿಕೊಂಡ ಹಿಡಿ ಧಾನ್ಯ, ಒತ್ತರಿಸಿದ ಬದು, ಆಳಿಗೆ ಕೊಡದೆ ಹಿಡಿದ ಕೂಲಿ, ಒಡಹುಟ್ಟಿದವಳಿಗೆ ಸಲ್ಲಬೇಕಾದ ಪಾಲು ಇವುಗಳನ್ನು ಇಟ್ಟುಕೊಂಡು ಮಠಕ್ಕೆ ಕಾಣಿಕೆಯನ್ನೂ ಜಾತ್ರೆಗೆ ಅನ್ನದಾನವನ್ನೂ ಮಾಡಿದರೆ ಲೆಕ್ಕವು ಸರಿಹೋಗದು. ಮೊದಲು ನೆರೆಯವನ ಬದುವು ತನ್ನ ಸ್ಥಾನಕ್ಕೆ ಹೋಗಲಿ, ಆಳಿನ ಕೂಲಿ ಆಳಿನ ಕೈ ಸೇರಲಿ; ಆ ಬಳಿಕ ದಾಸೋಹ. ಸತಿಯು ಪತಿಗೆ, ಪತಿಯು ಸತಿಗೆ ಇದನ್ನು ನೆನಪಿಸುವ ಮನೆಯೇ ಮಹಾಮನೆ. ಇಂದು ಸಂಜೆ ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ನಮ್ಮ ಕಣಜದಲ್ಲಿ ಪರರ ಪಾಲು ಎಷ್ಟಿದೆಯೆಂದು ಅಳೆದು ನೋಡೋಣ. ಇದ್ದರೆ ಅದನ್ನು ಹೊತ್ತು, ತಂದ ಬಾಗಿಲಿಗೇ ಹೋಗೋಣ.